ಫ್ರೀಜರಿನಿಂದ ಕಾವಲಿಗೆ: ಒಣಸೀಮೆಯಲ್ಲಿ ತರಕಾರಿ ಬರ್ಗರ್

ತುಮಕೂರು ಜಿಲ್ಲೆಯ ಶಿರಾ, ಮಧುಗಿರಿ, ಕೊರಟಗೆರೆ ಮತ್ತು ಪಾವಗಡದಂಥ ಪಟ್ಟಣಗಳಲ್ಲಿ ಐಸ್‌ಕ್ರೀಮಿಗೆಂದು ಇಟ್ಟ ಫ್ರೀಜರಿನೊಳಗೆ ಹಸಿರು ಬಟಾಣಿ, ಸ್ವೀಟ್ ಕಾರ್ನ್ ಮತ್ತು ಫ್ರೆಂಚ್ ಫ್ರೈಸ್ ಪೊಟ್ಟಣಗಳ ಪಕ್ಕದಲ್ಲಿ ಈಗ ತರಕಾರಿ ಬರ್ಗರಿನ ಟಿಕ್ಕಿಯೂ ಜಾಗ ಪಡೆಯುತ್ತಿದೆ. ಮದಲೂರಿನಂಥ ಊರುಗಳಿಂದ ಸಂತೆಗೋ ಮದುವೆಯ ಜವಳಿಗೋ ಪೇಟೆಗೆ ಬಂದವರು ಮಕ್ಕಳ ಒತ್ತಾಯಕ್ಕೆ ಕೊಂಡೊಯ್ಯುವ ತಿನಿಸುಗಳಲ್ಲಿ ಅದೂ ಒಂದಾಗತೊಡಗಿದೆ. ಬೇಕರಿಯವರಿಗೆ ಪರಿಚಿತವಾಗಿರುವ ಈ ವಸ್ತು ಮನೆಯ ಅಡುಗೆಮನೆಗೆ ಇನ್ನೂ ಹೊಸದು. ಅದನ್ನು ಕರಗಿಸಿ ಬೇಯಿಸಬೇಕೋ ಹಾಗೆಯೇ ಬೇಯಿಸಬೇಕೋ, ಒಳಗೆ ನಿಜವಾಗಿ ತರಕಾರಿ ಎಷ್ಟಿದೆ, ಕರೆಂಟು ಹೋದ ರಾತ್ರಿಯ ನಂತರ ಅದನ್ನು ತಿನ್ನಬಹುದೇ ಎಂಬ ಪ್ರಶ್ನೆಗಳಿಗೆ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳು ಪೂರ್ತಿ ಉತ್ತರ ಕೊಡುವುದಿಲ್ಲ. ತರಕಾರಿ ಟಿಕ್ಕಿಯ ಗುಣವನ್ನು ಕಾರ್ಖಾನೆಯೊಂದೇ ನಿರ್ಧರಿಸುವುದಿಲ್ಲ. ಅಂಗಡಿಯಿಂದ ಮನೆಯವರೆಗಿನ ಕೊನೆಯ ಕೆಲವು ಮೈಲಿಗಳ ತಂಪು ಮತ್ತು ಒಲೆಯ ಮೇಲಿನ ಹತ್ತು ನಿಮಿಷಗಳ ಗಮನ ಅದರಲ್ಲಿ ದೊಡ್ಡ ಪಾಲು ಪಡೆಯುತ್ತವೆ.

ಬರ್ಗರಿನ ಬನ್ನಿನ ನಡುವೆ ಇಡುವ ಚಪ್ಪಟೆಯಾದ, ದುಂಡನೆಯ ಬಿಲ್ಲೆಗೆ ಪ್ಯಾಟಿ ಎಂದೂ ನಮ್ಮ ಬೇಕರಿಗಳ ಮಾತಿನಲ್ಲಿ ಟಿಕ್ಕಿ ಎಂದೂ ಹೆಸರು. ಭಾರತದಲ್ಲಿ ಮಾರಾಟವಾಗುವ ತರಕಾರಿ ಟಿಕ್ಕಿಗಳಲ್ಲಿ ಬಹುಪಾಲಿಗೆ ಆಲೂಗಡ್ಡೆಯೇ ಆಧಾರ. ಹಬೆಯಲ್ಲಿ ಬೇಯಿಸಿ ನುರಿದ ಆಲೂಗಡ್ಡೆಗೆ ಬಟಾಣಿ, ಕ್ಯಾರೆಟ್, ಹುರುಳಿಕಾಯಿ, ಈರುಳ್ಳಿ ಮತ್ತು ಮಸಾಲೆ ಸೇರಿಸಿ, ನೀರು ಬಿಡದಂತೆ ಪಿಷ್ಟವನ್ನೋ ಬ್ರೆಡ್ ಪುಡಿಯನ್ನೋ ಬೆರೆಸಿ, ಯಂತ್ರದ ಅಚ್ಚಿನಲ್ಲಿ ಒಂದೇ ತೂಕದ ಬಿಲ್ಲೆಗಳನ್ನಾಗಿ ಒತ್ತಲಾಗುತ್ತದೆ. ಆ ಬಿಲ್ಲೆ ಮೊದಲು ತೆಳುವಾದ ಹಿಟ್ಟಿನಲ್ಲಿ ಅದ್ದಿಕೊಂಡು, ಬಳಿಕ ಬ್ರೆಡ್ ಪುಡಿಯ ಹೊದಿಕೆ ಪಡೆದು, ಕಾದ ಎಣ್ಣೆಯಲ್ಲಿ ಒಂದು ನಿಮಿಷಕ್ಕೂ ಕಡಿಮೆ ಹೊತ್ತು ಮುಳುಗಿ ಹೊರಬರುತ್ತದೆ. ಈ ಅರೆಕರಿಯುವಿಕೆಯಿಂದ ಹೊದಿಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆಯೇ ಹೊರತು ಟಿಕ್ಕಿ ತಿನ್ನಲು ಸಿದ್ಧವಾಗುವುದಿಲ್ಲ. ಹೊರಗಿನ ಹೊಂಬಣ್ಣ ನೋಡಿ ಬೆಂದಿದೆಯೆಂದು ಭಾವಿಸಿ ಬಿಸಿಮಾಡಿದಷ್ಟಕ್ಕೇ ಬಡಿಸುವುದು ಮನೆಗಳಲ್ಲಿ ನಡೆಯುವ ಮೊದಲ ತಪ್ಪು.

ಅರೆಕರಿದ ಬಿಲ್ಲೆಗಳು ಅಲ್ಲಿಂದ ಸೊನ್ನೆಗಿಂತ 30–40 ಡಿಗ್ರಿ ಸೆಲ್ಸಿಯಸ್ ಕೆಳಗಿನ ಗಾಳಿ ರಭಸವಾಗಿ ಬೀಸುವ ಕೋಣೆಗೆ ಹೋಗುತ್ತವೆ. ಇಷ್ಟು ಆತುರದ ತಂಪಿಗೆ ಕಾರಣವಿದೆ. ಆಹಾರದೊಳಗಿನ ನೀರಿನ ಬಹುಭಾಗ ಮೈನಸ್ 1ರಿಂದ ಮೈನಸ್ 5 ಡಿಗ್ರಿಯ ನಡುವೆ ಮಂಜುಗಡ್ಡೆಯಾಗುತ್ತದೆ. ಈ ಪಟ್ಟಿಯನ್ನು ನಿಧಾನವಾಗಿ ದಾಟಿದರೆ ಹರಳುಗಳು ದೊಡ್ಡದಾಗಿ ಬೆಳೆದು ತರಕಾರಿಯ ಕೋಶಗಳ ಗೋಡೆಗಳನ್ನು ಹರಿಯುತ್ತವೆ, ಬೇಗ ದಾಟಿದರೆ ಹರಳುಗಳು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಉಳಿದು ಕೋಶಗಳಿಗೆ ಹಾನಿ ಕಡಿಮೆಯಾಗುತ್ತದೆ. ಕೋಶ ಹರಿದ ತರಕಾರಿ ಬಿಸಿಯಾದಾಗ ನೀರು ಬಿಡುತ್ತದೆ, ಆ ನೀರು ಹೊದಿಕೆಯನ್ನು ಒಳಗಿನಿಂದ ನೆನೆಸುತ್ತದೆ, ಟಿಕ್ಕಿ ಕಾವಲಿಯ ಮೇಲೆ ಬಿರಿಯುತ್ತದೆ. ಅಂಗಡಿಯ ಟಿಕ್ಕಿ ಒಮ್ಮೆ ಕರಗಿ ಮತ್ತೆ ಮನೆಯ ಫ್ರೀಜರಿನಲ್ಲಿ ಗಟ್ಟಿಯಾದರೆ ಕಾರ್ಖಾನೆಯ ಆ ಶ್ರಮವೆಲ್ಲ ವ್ಯರ್ಥ, ಏಕೆಂದರೆ ಎರಡನೆಯ ಸಲ ಅದು ಹೆಪ್ಪುಗಟ್ಟುವುದು ನಿಧಾನವಾಗಿ, ದೊಡ್ಡ ಹರಳುಗಳೊಂದಿಗೆ. ತಂಪಿನಿಂದ ಸೂಕ್ಷ್ಮಾಣುಗಳೆಲ್ಲ ಸಾಯುವುದಿಲ್ಲ, ಅವುಗಳ ಬೆಳವಣಿಗೆ ನಿಲ್ಲುತ್ತದೆ ಅಷ್ಟೆ. ಕರಗಿದ ಹೊತ್ತಿನಲ್ಲಿ ಅವು ಬಿಟ್ಟಲ್ಲಿಂದ ಮುಂದುವರಿಯುತ್ತವೆ. ಆಹಾರ ಸುರಕ್ಷತೆಯ ತಜ್ಞರು 5ರಿಂದ 60 ಡಿಗ್ರಿಯ ನಡುವಿನ ಉಷ್ಣತೆಯನ್ನು ಅಪಾಯದ ವಲಯವೆಂದು ಕರೆಯುವುದು ಇದೇ ಕಾರಣಕ್ಕೆ.

ವೇಗವಾಗಿ ಹೆಪ್ಪುಗಟ್ಟಿಸುವ ಈ ವಿದ್ಯೆಯನ್ನು ಉದ್ಯಮವಾಗಿ ಬೆಳೆಸಿದವರು ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ. ಕೆನಡಾದ ಲ್ಯಾಬ್ರಡಾರಿನ ಕೊರೆಯುವ ಗಾಳಿಯಲ್ಲಿ ಅಲ್ಲಿನ ಮೂಲನಿವಾಸಿಗಳು ಹಿಡಿದ ಮೀನು ಕ್ಷಣಮಾತ್ರದಲ್ಲಿ ಗಟ್ಟಿಯಾಗಿ, ತಿಂಗಳುಗಳ ನಂತರವೂ ತಾಜಾ ರುಚಿ ಉಳಿಸಿಕೊಂಡಿದ್ದನ್ನು ಗಮನಿಸಿದ ಅವರು 1920ರ ದಶಕದಲ್ಲಿ ಅದಕ್ಕೆ ಯಂತ್ರ ರೂಪಿಸಿದರು, ಮತ್ತು 1930ರಲ್ಲಿ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ಅಂಗಡಿಗಳಲ್ಲಿ ಅಂಥ ಆಹಾರದ ಚಿಲ್ಲರೆ ಮಾರಾಟ ಆರಂಭವಾಯಿತು. ಮಾಂಸವಿಲ್ಲದ ಬರ್ಗರ್ ಜನಪ್ರಿಯವಾದುದು ಬಹಳ ತಡವಾಗಿ. 1982ರಲ್ಲಿ ಲಂಡನ್ನಿನ ಗ್ರೆಗರಿ ಸ್ಯಾಮ್ಸ್ ಅದನ್ನು ನೀರು ಬೆರೆಸಿ ತಟ್ಟಿಕೊಳ್ಳುವ ಒಣ ಮಿಶ್ರಣವಾಗಿ ಮಾರಿದರು. ಭಾರತದಲ್ಲಿ 1996ರಲ್ಲಿ ಬಾಗಿಲು ತೆರೆದ ಮೆಕ್‌ಡೊನಾಲ್ಡ್ಸ್ ಆಲೂ ಟಿಕ್ಕಿಯ ಬರ್ಗರನ್ನು ಮನೆಮಾತಾಗಿಸಿತು. ಹೆಪ್ಪುಗಟ್ಟಿಸಿದ ಆಲೂಗಡ್ಡೆ ತಿನಿಸುಗಳಿಗೆ ಹೆಸರಾದ ಕೆನಡಾ ಮೂಲದ ಮೆಕ್ಕೇನ್ ಸಂಸ್ಥೆ ಗುಜರಾತಿನ ಮೆಹ್ಸಾಣಾ ಜಿಲ್ಲೆಯಲ್ಲಿ ಕಾರ್ಖಾನೆ ಹೂಡಿದೆ.

ಗುಜರಾತಿನಲ್ಲಿ ತಯಾರಾದ ತಿನಿಸು ರಸ್ತೆಯ ಮೂಲಕ ಬೆಂಗಳೂರಿಗೆ ಬರುವುದಾದರೆ ದೆಹಲಿಯಿಂದ ಅಹಮದಾಬಾದ್, ಮುಂಬೈ, ಪುಣೆ, ಚಿತ್ರದುರ್ಗಗಳನ್ನು ಹಾದು ಚೆನ್ನೈಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಅದರ ಸಹಜ ಹಾದಿ, ಮತ್ತು ಶಿರಾ ಆ ಹೆದ್ದಾರಿಯ ಮೇಲೆಯೇ ಇದೆ. ಅದೇ ಹೆದ್ದಾರಿಯಲ್ಲಿ ತುಮಕೂರಿನ ಕಡೆಗೆ ಸಾಗಿದರೆ ವಸಂತನರಸಾಪುರ ಕೈಗಾರಿಕಾ ಪ್ರದೇಶ ಸಿಗುತ್ತದೆ. ಸುಮಾರು 110 ಎಕರೆಯ ಫುಡ್ ಪಾರ್ಕನ್ನು ಅಲ್ಲಿ 2014ರ ಸೆಪ್ಟೆಂಬರ್ 24ರಂದು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದರು. ಫುಡ್ ಪಾರ್ಕ್ ಎಂದರೆ ಶೀತಲಗೃಹ, ಗೋದಾಮು, ಸಂಸ್ಕರಣೆ ಮತ್ತು ಪ್ಯಾಕಿಂಗ್ ವ್ಯವಸ್ಥೆಗಳನ್ನು ಒಂದೇ ಆವರಣದಲ್ಲಿ ಒದಗಿಸಿ, ಹಲವು ಉದ್ದಿಮೆಗಳು ಅವುಗಳನ್ನು ಹಂಚಿಕೊಂಡು ಬಳಸುವ ಏರ್ಪಾಡು. ಕಾರ್ಖಾನೆಯಿಂದ ಗೋದಾಮಿಗೆ, ಗೋದಾಮಿನಿಂದ ಲಾರಿಗೆ, ಲಾರಿಯಿಂದ ಅಂಗಡಿಗೆ ಎಲ್ಲಿಯೂ ತಂಪು ಕಡಿಯದಂತೆ ಸಾಗಿಸುವುದನ್ನು ಶೀತಲ ಸರಪಳಿ ಎನ್ನುತ್ತಾರೆ, ಅದರ ಮಾನದಂಡ ಮೈನಸ್ 18 ಡಿಗ್ರಿ. ಹೆದ್ದಾರಿಯಲ್ಲಿ ಈ ಸರಪಳಿ ಗಟ್ಟಿಯಾಗಿದೆ ಎಂದೇ ಇಟ್ಟುಕೊಂಡರೂ ಹೆದ್ದಾರಿ ಬಿಟ್ಟು ಪಾವಗಡದತ್ತಲೋ ಮದಲೂರಿನತ್ತಲೋ ತಿರುಗಿದ ಮೇಲೆ ಅದರ ಹೊಣೆ ಅಂಗಡಿಯವರದು ಮತ್ತು ಕೊಳ್ಳುವವರದು.

ಅಂಗಡಿಯಲ್ಲಿ ಪೊಟ್ಟಣವನ್ನು ಕೈಗೆತ್ತಿಕೊಂಡು ಮೆಲ್ಲಗೆ ಅಲ್ಲಾಡಿಸಿದಾಗ ಟಿಕ್ಕಿಗಳು ಬಿಡಿಬಿಡಿಯಾಗಿ, ಕಲ್ಲಿನಂತೆ ಗಟ್ಟಿಯಾಗಿ ಒಂದಕ್ಕೊಂದು ತಾಗಿ ಸದ್ದು ಮಾಡಬೇಕು. ಅವು ಒಂದೇ ಮುದ್ದೆಯಾಗಿ ಅಂಟಿಕೊಂಡಿದ್ದರೆ, ಅಂಚುಗಳು ಬಾಗಿದ್ದರೆ, ಪೊಟ್ಟಣದೊಳಗೆ ಹಿಮದ ಪುಡಿ ದಪ್ಪವಾಗಿ ಕಟ್ಟಿದ್ದರೆ ಸರಕು ದಾರಿಯಲ್ಲೆಲ್ಲೋ ಕರಗಿ ಮತ್ತೆ ಗಟ್ಟಿಯಾಗಿದೆ ಎಂಬ ಅನುಮಾನಕ್ಕೆ ಬಲವಾದ ಕಾರಣವಿರುತ್ತದೆ. ರಾತ್ರಿ ಅಂಗಡಿ ಮುಚ್ಚುವಾಗ ವಿದ್ಯುತ್ ಉಳಿಸಲೆಂದು ಫ್ರೀಜರಿನ ಸ್ವಿಚ್ ಆರಿಸುವ ರೂಢಿ ಎಲ್ಲಿದೆಯೋ ಅಲ್ಲಿ ಇಂಥ ಪೊಟ್ಟಣ ಸಿಗುವ ಸಂಭವ ಹೆಚ್ಚು. ಸಂತೆ, ಬಟ್ಟೆ, ಔಷಧಿ ಎಲ್ಲ ಮುಗಿದ ಮೇಲೆ ಕೊನೆಯದಾಗಿ ಇದನ್ನು ಕೊಳ್ಳುವುದು, ಬಸ್ಸಿನಲ್ಲಿ ಹೋಗುವವರು ನಾಲ್ಕಾರು ಪದರ ದಿನಪತ್ರಿಕೆ ಸುತ್ತಿ ಬಟ್ಟೆಯ ಚೀಲದ ನಡುವೆ ಇಡುವುದು, ಬೇಸಿಗೆಯ ಮಧ್ಯಾಹ್ನ ಗಂಟೆಗಟ್ಟಲೆ ಪ್ರಯಾಣವಿದ್ದರೆ ಕೊಳ್ಳದೇ ಇರುವುದು ಜಾಣತನ.

ಮನೆಯ ಫ್ರಿಜ್ಜಿನ ವಿಚಾರ ಇನ್ನೂ ಸೂಕ್ಷ್ಮ. ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ ಮೇಲ್ಗಡೆ ಇರುವ ಮಂಜಿನ ಗೂಡು ಐಸು ಕಟ್ಟಿದ ಮಾತ್ರಕ್ಕೆ ಮೈನಸ್ 18 ಡಿಗ್ರಿ ತಲುಪಿದೆಯೆಂದು ಅರ್ಥವಲ್ಲ. ಫ್ರೀಜರುಗಳ ತಂಪನ್ನು ಅಂತರರಾಷ್ಟ್ರೀಯವಾಗಿ ನಕ್ಷತ್ರಗಳಿಂದ ಗುರುತಿಸುವಾಗ ಒಂದು ನಕ್ಷತ್ರಕ್ಕೆ ಮೈನಸ್ 6, ಎರಡಕ್ಕೆ ಮೈನಸ್ 12, ಮೂರಕ್ಕೆ ಮೈನಸ್ 18 ಡಿಗ್ರಿ ಎಂಬ ಲೆಕ್ಕವಿದೆ; ಇದಕ್ಕೂ ಬಾಗಿಲ ಮೇಲೆ ಅಂಟಿಸಿರುವ ವಿದ್ಯುತ್ ಉಳಿತಾಯದ ನಕ್ಷತ್ರಗಳಿಗೂ ಸಂಬಂಧವಿಲ್ಲ. ಸಾಧಾರಣ ಗೂಡಿನಲ್ಲಿಟ್ಟ ಟಿಕ್ಕಿಯನ್ನು ಪೊಟ್ಟಣದ ಮೇಲಿನ ತಿಂಗಳುಗಳ ಅವಧಿಯ ಭರವಸೆಯಲ್ಲಿ ಇರಿಸದೆ ಕೆಲವೇ ದಿನಗಳಲ್ಲಿ ಮುಗಿಸಬೇಕು. ಬೆಸ್ಕಾಂ ವಿದ್ಯುತ್ ಗಂಟೆಗಳ ಕಾಲ ಕಡಿತವಾದಾಗ ಬಾಗಿಲು ತೆರೆಯದಿದ್ದರೆ ತಂಪು ಹೆಚ್ಚು ಹೊತ್ತು ನಿಲ್ಲುತ್ತದೆ, ತುಂಬಿದ ಫ್ರೀಜರ್ ಖಾಲಿಯದಕ್ಕಿಂತ ನಿಧಾನವಾಗಿ ಬಿಸಿಯಾಗುತ್ತದೆ. ಕರೆಂಟು ಬಂದ ಮೇಲೆ ಟಿಕ್ಕಿ ಮೆತ್ತಗಾಗಿದ್ದು ಇನ್ನೂ ಮುಟ್ಟಿದರೆ ಚಳಿ ಹತ್ತುವಂತಿದ್ದರೆ ಅಂದೇ ಪೂರ್ತಿ ಬೇಯಿಸಿ ತಿನ್ನಬಹುದು. ಆ ಚಳಿ ಹೋಗಿದ್ದರೆ ಎಸೆಯುವುದೇ ಸರಿ, ಹುಳಿವಾಸನೆ ಬರುವವರೆಗೆ ಕಾಯಬೇಕಾಗಿಲ್ಲ.

ಬೇಯಿಸುವ ವಿಧಾನದಲ್ಲಿ ಮೊದಲ ನಿಯಮ ಕರಗಿಸದಿರುವುದು. ಹೊರಗಿಟ್ಟು ಮೆತ್ತಗಾದ ಟಿಕ್ಕಿಯ ಹೊದಿಕೆ ನೀರು ಕುಡಿದು ಕಾವಲಿಗೆ ಅಂಟಿಕೊಳ್ಳುತ್ತದೆ, ಒಳಗಿನ ಆಲೂಗಡ್ಡೆ ಆಕಾರ ಕಳೆದುಕೊಳ್ಳುತ್ತದೆ. ಈ ಸೀಮೆಯ ಮನೆಗಳಲ್ಲಿ ದೋಸೆ, ರೊಟ್ಟಿಗಳಿಗೆ ಪಳಗಿದ ಕಬ್ಬಿಣದ ಕಾವಲಿ ಈ ಕೆಲಸಕ್ಕೆ ಎಲ್ಲಕ್ಕಿಂತ ಒಳ್ಳೆಯದು, ಏಕೆಂದರೆ ದಪ್ಪ ಕಬ್ಬಿಣ ಹಿಡಿದಿಟ್ಟ ಬಿಸಿ ಮಂಜುಗಡ್ಡೆಯಂಥ ಟಿಕ್ಕಿ ಬಿದ್ದಾಗಲೂ ತಟ್ಟನೆ ಇಳಿಯುವುದಿಲ್ಲ. ಮಧ್ಯಮ ಉರಿಯಲ್ಲಿ ಕಾವಲಿ ಕಾದ ಮೇಲೆ ಒಂದೆರಡು ಚಮಚ ಕಡಲೆಕಾಯಿ ಎಣ್ಣೆ ಹರಡಿ, ಟಿಕ್ಕಿಯ ಮೈಮೇಲಿನ ಹಿಮದ ಪುಡಿಯನ್ನು ಒಣಬಟ್ಟೆಯಿಂದ ಒರೆಸಿ, ಒಂದಕ್ಕೊಂದು ತಾಗದಂತೆ ಇಡಬೇಕು. ಮೊದಲ ಎರಡು ನಿಮಿಷ ಮುಚ್ಚಳ ಮುಚ್ಚಿದರೆ ಹಬೆಯ ನೆರವಿನಿಂದ ನಡುಭಾಗ ಬೇಗ ಕರಗುತ್ತದೆ. ಅನಂತರ ಮುಚ್ಚಳ ತೆಗೆಯಲೇಬೇಕು, ಇಲ್ಲವಾದರೆ ಅದೇ ಹಬೆ ಹೊದಿಕೆಯನ್ನು ಮೆತ್ತಗೆ ಮಾಡುತ್ತದೆ. ಅಂಚು ಕಂದುಗೆರೆಯಾಗಿ ತಿರುಗಿ, ಮಗುಚುವ ಕೈಯನ್ನು ಅಡಿಗೆ ತೂರಿದಾಗ ಟಿಕ್ಕಿ ತಾನಾಗಿ ಬಿಟ್ಟುಕೊಂಡರೆ ಮಗುಚುವ ಹೊತ್ತು ಬಂದಿದೆ ಎಂದರ್ಥ. ಒಂದೊಂದು ಬದಿಗೆ ನಾಲ್ಕರಿಂದ ಐದು ನಿಮಿಷ ಬೇಕಾಗುತ್ತದೆ. ಬೇಗ ಆಗಲೆಂದು ಮಗುಚುವ ಕೈಯಿಂದ ಒತ್ತಿದರೆ ಒಳಗಿನ ತೇವ ಹೊದಿಕೆಯನ್ನು ಸೀಳಿಕೊಂಡು ಹೊರಬರುತ್ತದೆ.

ಉರಿ ಹೆಚ್ಚಿಸುವುದೂ ಇಷ್ಟೇ ಹಾನಿಕರ. ಹೊರಗೆ ಕಪ್ಪಾಗಿ ಒಳಗೆ ತಣ್ಣಗಿರುವ ಟಿಕ್ಕಿ ತಯಾರಾಗುವುದು ಹಾಗೆಯೇ, ಮತ್ತು ಆಲೂಗಡ್ಡೆಯಂಥ ಪಿಷ್ಟದ ಪದಾರ್ಥಗಳನ್ನು ಕರಿದು ಕಂದಿಸಿದಷ್ಟೂ ಅಕ್ರಿಲಮೈಡ್ ಎಂಬ ಬೇಡದ ರಾಸಾಯನಿಕ ಹೆಚ್ಚುತ್ತದೆ. ಹೊಂಬಣ್ಣಕ್ಕೆ ನಿಲ್ಲಿಸುವುದು ರುಚಿಗೂ ಆರೋಗ್ಯಕ್ಕೂ ಹಿತ. ಬೆಂದಿತೇ ಎಂದು ತಿಳಿಯಲು ತೆಳುವಾದ ಚಾಕುವಿನ ತುದಿಯನ್ನು ನಡುಮಧ್ಯಕ್ಕೆ ಚುಚ್ಚಿ ಕೆಲವು ಸೆಕೆಂಡು ಬಿಟ್ಟು ಹೊರತೆಗೆದು ಮುಂಗೈಗೆ ಸೋಕಿಸಿದರೆ ಸಾಕು, ಬಿಸಿ ಚುರುಕ್ಕೆನ್ನಬೇಕು. ಥರ್ಮಾಮೀಟರ್ ಇರುವ ಬೇಕರಿಗಳಲ್ಲಿ ನಡುಭಾಗ 74 ಡಿಗ್ರಿ ತಲುಪಿದೆಯೇ ಎಂದು ನೋಡುವುದು ಕ್ರಮ. ಬಾಣಲೆಯಲ್ಲಿ ಕರಿಯುವವರು ಎಣ್ಣೆಗೆ ಒಂದು ಚೂರು ಬ್ರೆಡ್ ಹಾಕಿ, ಅದು ಮುಳುಗಿ ಕೂಡಲೇ ಗುಳ್ಳೆಗಳೊಂದಿಗೆ ಮೇಲೆದ್ದರೆ ಹದ ಬಂದಿದೆಯೆಂದು ತಿಳಿದು, ಸಣ್ಣ ಬಾಣಲೆಗೆ ಒಂದು ಸಲಕ್ಕೆ ಎರಡಕ್ಕಿಂತ ಹೆಚ್ಚು ಟಿಕ್ಕಿ ಹಾಕದಿರಬೇಕು, ಏಕೆಂದರೆ ಹೆಚ್ಚು ಹಾಕಿದಾಗ ಎಣ್ಣೆ ತಣ್ಣಗಾಗಿ ಟಿಕ್ಕಿ ಎಣ್ಣೆ ಕುಡಿಯುತ್ತದೆ. ಹಿಮ ಅಂಟಿದ ಟಿಕ್ಕಿ ಕಾದ ಎಣ್ಣೆಗೆ ಬಿದ್ದರೆ ಎಣ್ಣೆ ಸಿಡಿಯುತ್ತದೆಯಾದ್ದರಿಂದ ಮಕ್ಕಳನ್ನು ಒಲೆಯ ಹತ್ತಿರ ಬಿಡಬಾರದು. ಓವನ್ನಿನಲ್ಲಿ 200 ಡಿಗ್ರಿಯಲ್ಲಿ ಹದಿನೈದು, ಇಪ್ಪತ್ತು ನಿಮಿಷ ಸಾಕು. ಮೈಕ್ರೋವೇವ್ ಬಿಸಿ ಕೊಡುತ್ತದೆ, ಗರಿಗರಿ ಕೊಡುವುದಿಲ್ಲ.

ಬೆಂದ ಟಿಕ್ಕಿಯನ್ನು ತಟ್ಟೆಯ ಮೇಲೆ ಮಲಗಿಸುವ ಬದಲು ಜಾಲರಿಯ ಮೇಲೆ ಎರಡು ನಿಮಿಷ ಇಟ್ಟರೆ ಅಡಿಯ ಹಬೆ ಹೊರಹೋಗಿ ಎರಡೂ ಬದಿ ಗರಿಯಾಗಿ ಉಳಿಯುತ್ತವೆ. ಅಯ್ಯಂಗಾರ್ ಬೇಕರಿಗಳ ತುಸು ಸಿಹಿಯಾದ ಬನ್ನನ್ನು ಅಡ್ಡಲಾಗಿ ಕತ್ತರಿಸಿ, ಕತ್ತರಿಸಿದ ಮೈಗೆ ಬೆಣ್ಣೆ ಸವರಿ ಅದೇ ಕಾವಲಿಯಲ್ಲಿ ಕೆಂಪಗೆ ಮಾಡಿಕೊಂಡರೆ ತೇವ ಹೀರಿ ಮೆತ್ತಗಾಗುವುದು ತಪ್ಪುತ್ತದೆ. ಒಳಗೆ ಹಾಕುವ ಮೇಯನೇಸ್ ಈ ಬಿಸಿಲುಸೀಮೆಯಲ್ಲಿ ತೆರೆದಿಟ್ಟರೆ ಬೇಗ ಕೆಡುವ ಪದಾರ್ಥ. ಹುರಿದ ಕಡಲೆಕಾಯಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು ರುಬ್ಬಿದ ಗಟ್ಟಿ ಚಟ್ನಿ ಆಲೂಗಡ್ಡೆಯ ಸಪ್ಪೆತನಕ್ಕೆ ಅದಕ್ಕಿಂತ ಚೆನ್ನಾಗಿ ಹೊಂದುತ್ತದೆ.

ಬೇರೆ ಬೇರೆ ಟಿಕ್ಕಿಗಳನ್ನು ಪರೀಕ್ಷಿಸಬೇಕೆಂದಿರುವವರು ಬನ್ನು, ಸಾಸು ಯಾವುದೂ ಇಲ್ಲದೆ ಬರಿ ಟಿಕ್ಕಿಯನ್ನು ಮುರಿದು ನೋಡುವುದು ನ್ಯಾಯ. ಮುರಿದಾಗ ಬಟಾಣಿ, ಕ್ಯಾರೆಟ್ ತುಣುಕುಗಳು ಬೇರೆಬೇರೆಯಾಗಿ ಕಾಣಬೇಕು, ಹೊದಿಕೆ ಒಳಭಾಗದಿಂದ ಸಿಪ್ಪೆಯಂತೆ ಕಳಚಬಾರದು, ಅಗಿದಾಗ ಅಂಟಂಟಾಗಿ ಹಲ್ಲಿಗೆ ಮೆತ್ತಿಕೊಂಡರೆ ಪಿಷ್ಟ ಹೆಚ್ಚಾಗಿದೆ ಎಂದು ತಿಳಿಯಬೇಕು. ಸೋಯಾದಿಂದ ಮಾಡಿದ ಟಿಕ್ಕಿಗಳಲ್ಲಿ ಕೊನೆಗೆ ಹಸಿಕಾಳಿನ ಒಗರು ನಾಲಿಗೆಯಲ್ಲಿ ಉಳಿಯುವುದುಂಟು. ಮಾಂಸದ ಅನುಭವ ಕೊಡಲು ತಯಾರಿಸಿದ ಹೊಸ ಬಗೆಯ ಸಸ್ಯಜನ್ಯ ಟಿಕ್ಕಿಗಳಲ್ಲಿ ಮೀಥೈಲ್ ಸೆಲ್ಯುಲೋಸ್ ಎಂಬ ಅಂಟನ್ನು ಬಳಸುತ್ತಾರೆ. ಸಾಮಾನ್ಯ ಅಂಟುಗಳು ಬಿಸಿಗೆ ಸಡಿಲವಾದರೆ ಇದು ಬಿಸಿಗೆ ಗಟ್ಟಿಯಾಗಿ, ಆರಿದಾಗ ಮತ್ತೆ ಸಡಿಲಗೊಳ್ಳುತ್ತದೆ, ಆದ್ದರಿಂದ ಅಂಥ ಟಿಕ್ಕಿಯನ್ನು ಬಿಸಿಯಾಗಿಯೇ ತಿನ್ನಬೇಕು. ಪೊಟ್ಟಣದಲ್ಲಿ ಇದನ್ನು ಐಎನ್‌ಎಸ್ 461 ಎಂಬ ಸಂಖ್ಯೆಯಿಂದ ನಮೂದಿಸುತ್ತಾರೆ.

ಪೊಟ್ಟಣದ ಹಿಂಬದಿಯನ್ನು ಓದಲು ಕಲಿತವರಿಗೆ ಜಾಹೀರಾತಿನ ಚಿತ್ರ ಬೇಕಾಗುವುದಿಲ್ಲ. ಕಾನೂನಿನ ಪ್ರಕಾರ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕಾದ್ದರಿಂದ ಮೊದಲ ಮೂರು ಹೆಸರುಗಳೇ ಟಿಕ್ಕಿಯ ನಿಜರೂಪ. ಆಲೂಗಡ್ಡೆ, ಮೈದಾ ಅಥವಾ ಬ್ರೆಡ್ ಪುಡಿ, ಎಣ್ಣೆ ಎಂದು ಆರಂಭವಾದರೆ ಮುಖಪುಟದಲ್ಲಿ ಎಷ್ಟೇ ಹಸಿರು ತರಕಾರಿಯ ಚಿತ್ರವಿದ್ದರೂ ಅದು ಆಲೂಗಡ್ಡೆಯ ತಿನಿಸೇ. ಹಸಿರು ಚೌಕದೊಳಗಿನ ಹಸಿರು ಚುಕ್ಕೆ ಸಸ್ಯಾಹಾರವೆಂದು ಹೇಳುತ್ತದೆ, ಆದರೆ ಹಾಲಿನ ಅಂಶಕ್ಕೆ ಅಲ್ಲಿ ಅಡ್ಡಿಯಿಲ್ಲ. ಹಾಲೂ ಬೇಡವೆನ್ನುವವರು 2022ರ ನಿಯಮಗಳಂತೆ ಬಂದಿರುವ ವೀಗನ್ ಗುರುತನ್ನು ಹುಡುಕಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ ಇಲ್ಲದ ಪೊಟ್ಟಣವನ್ನು ಕೊಳ್ಳಬಾರದು. ಸೋಡಿಯಂ ಎಷ್ಟಿದೆಯೆಂದು ರಕ್ತದೊತ್ತಡ ಇರುವವರು ನೋಡಿಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 2000 ಮಿಲಿಗ್ರಾಂಗಿಂತ ಕಡಿಮೆ, ಅಂದರೆ ಸುಮಾರು 5 ಗ್ರಾಂ ಉಪ್ಪು, ಮತ್ತು ಟಿಕ್ಕಿ, ಬನ್ನು, ಸಾಸು ಮೂರರಲ್ಲೂ ಉಪ್ಪಿದೆ.

ಆಲೂಗಡ್ಡೆ ಟಿಕ್ಕಿಯ ಮುಖ್ಯ ಕೊರತೆ ಸಸಾರಜನಕದ್ದು, ಅಂದರೆ ದೇಹ ಕಟ್ಟುವ ಪ್ರೋಟೀನಿನದು. ಹಸಿ ಆಲೂಗಡ್ಡೆಯಲ್ಲಿ ಅದು ಶೇಕಡಾ 2ರಷ್ಟು ಮಾತ್ರ. ಒಣ ಹುರುಳಿಕಾಳಿನಲ್ಲಿ ಶೇಕಡಾ 22ರ ಆಸುಪಾಸು, ಕಡಲೆಕಾಯಿ ಬೀಜದಲ್ಲಿ ಶೇಕಡಾ 25ರ ಆಸುಪಾಸು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕುಗಳು ಕೃಷಿ ವಿಭಾಗೀಕರಣದಲ್ಲಿ ಮಧ್ಯ ಒಣವಲಯಕ್ಕೆ ಸೇರುತ್ತವೆ. ಮಳೆಯನ್ನೇ ನಂಬಿ ಕಡಲೆಕಾಯಿ, ರಾಗಿ, ಹುರುಳಿ, ತೊಗರಿ, ಅವರೆ ಬೆಳೆಯುವ ಈ ನೆಲದಲ್ಲಿ ಕಾಳು ಬೇಯಿಸಿ ಉಂಡೆ ಕಟ್ಟುವ, ಬೇಳೆ ರುಬ್ಬಿ ಆಂಬೊಡೆ ತಟ್ಟುವ, ನುಚ್ಚಿನುಂಡೆಯನ್ನು ಹಬೆಯಲ್ಲಿ ಬೇಯಿಸುವ ಕೈಗಳಿಗೆ ತರಕಾರಿ ಟಿಕ್ಕಿ ಅಪರಿಚಿತ ವಿದ್ಯೆಯೇನಲ್ಲ. ದೂರದ ಆಲೂಗಡ್ಡೆ ಹೆಪ್ಪುಗಟ್ಟಿ ಇಲ್ಲಿಗೆ ಬರುತ್ತಿರುವಾಗ ಇಲ್ಲಿಯ ಕಾಳು ಮೂಟೆಯಲ್ಲಿ ಹೊರಹೋಗುತ್ತಿರುವುದು ನಿಜಕ್ಕೂ ಯೋಚಿಸಬೇಕಾದ ಸಂಗತಿ.

ಕಡಲೆಕಾಯಿಯನ್ನು ಎಣ್ಣೆಬೀಜವೆಂದಷ್ಟೇ ನೋಡದೆ ಊಟದ ಪದಾರ್ಥವಾಗಿ ನೋಡಿದ ಪ್ರಯೋಗ ಕರ್ನಾಟಕದಲ್ಲೇ ಹಿಂದೆ ನಡೆದಿದೆ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ, ಮೊದಲ ನಿರ್ದೇಶಕರಾದ ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲಿ ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮೂರು ಪಾಲು, ಕಡಲೆಹಿಟ್ಟು ಒಂದು ಪಾಲು ಬೆರೆಸಿ, ಜೀವಸತ್ವಗಳನ್ನು ಸೇರಿಸಿ, ಬಹೂಪಯೋಗಿ ಆಹಾರವೆಂಬ ಪುಡಿಯನ್ನು ರೂಪಿಸಿತು. ಅದರಲ್ಲಿ ಸಸಾರಜನಕ ಶೇಕಡಾ 40ಕ್ಕಿಂತ ಹೆಚ್ಚಿತ್ತು, ಮತ್ತು ದಿನನಿತ್ಯದ ಅಡುಗೆಗೆ ಬೆರೆಸಿಕೊಂಡು ಅಪೌಷ್ಟಿಕತೆ ನೀಗಿಸುವುದು ಅದರ ಉದ್ದೇಶವಾಗಿತ್ತು. ಇಂಥ ಬಳಕೆಗೆ ಕಾಯಿ ಚೆನ್ನಾಗಿ ಒಣಗಿರಬೇಕು, ಏಕೆಂದರೆ ತೇವದಲ್ಲಿ ಬೆಳೆಯುವ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ಯಕೃತ್ತಿಗೆ ಮಾರಕವಾದ ವಿಷವನ್ನು ಬಿಡುತ್ತದೆ. ಮುಗ್ಗಿದ, ಬಣ್ಣಗೆಟ್ಟ, ಕಹಿಯಾದ ಬೀಜವನ್ನು ಹುರಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ.

ಮನೆಯಲ್ಲೇ ಮಾಡಿಟ್ಟುಕೊಳ್ಳುವ ಟಿಕ್ಕಿಗೆ ರಾತ್ರಿ ನೆನೆಸಿದ ಹುರುಳಿಕಾಳನ್ನೋ ಅಲಸಂದೆಯನ್ನೋ ಬೇಯಿಸಿ, ಕಟ್ಟನ್ನು ಸಾರಿಗೆ ಬಸಿದುಕೊಂಡು, ಕಾಳನ್ನು ತರಿತರಿಯಾಗಿ ಅರೆಯಬೇಕು. ಎರಡು ಬಟ್ಟಲು ಕಾಳಿಗೆ ಅರ್ಧ ಬಟ್ಟಲು ಹುರಿದ ಕಡಲೆಕಾಯಿಯ ತರಿ, ಒಂದು ಬೇಯಿಸಿದ ಆಲೂಗಡ್ಡೆ, ಹೆಚ್ಚಿದ ಈರುಳ್ಳಿ, ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ, ಉಪ್ಪು ಸೇರಿಸಿ, ತೇವ ಹೀರುವಷ್ಟು ಹುರಿದ ರಾಗಿಹಿಟ್ಟನ್ನು ಬೆರೆಸಿದರೆ ಅಂಗೈಯಲ್ಲಿ ತಟ್ಟುವ ಹದ ಬರುತ್ತದೆ. ಮನೆಯ ಫ್ರೀಜರ್ ನಿಧಾನವಾಗಿ ಹೆಪ್ಪುಗಟ್ಟಿಸುತ್ತದೆಯಾದ್ದರಿಂದ ಟಿಕ್ಕಿ ಬೆರಳ ದಪ್ಪಕ್ಕಿಂತ ತೆಳ್ಳಗಿರಬೇಕು. ಎಣ್ಣೆ ಸವರಿದ ಸ್ಟೀಲ್ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಇಟ್ಟು ಗಟ್ಟಿಯಾದ ಮೇಲಷ್ಟೇ ಗಾಳಿ ಆಡದ ಡಬ್ಬಿಗೆ ತುಂಬಬೇಕು. ಹಿತಕಿದ ಅವರೆಬೇಳೆಯನ್ನು ಸುಗ್ಗಿಯಲ್ಲಿ ಫ್ರೀಜರಿಗೆ ತುಂಬಿಡುವ ಮನೆಗಳಿಗೆ ಈ ಕ್ರಮ ಹೊಸತಾಗಿ ತೋರುವುದಿಲ್ಲ.

ಅಂಗಡಿಯ ತರಕಾರಿ ಟಿಕ್ಕಿ ಅಪರೂಪಕ್ಕೆ ತಿನ್ನಲು ಯೋಗ್ಯವಾದ, ಸರಿಯಾಗಿ ಬೇಯಿಸಿದರೆ ರುಚಿಯಾದ ತಿನಿಸು. ಮಕ್ಕಳ ಊಟದ ಜಾಗವನ್ನು ಅದಕ್ಕೆ ಬಿಟ್ಟುಕೊಡಬಾರದು. ಅಂಗಡಿಯಲ್ಲಿ ಮೆತ್ತಗಾಗಿರುವ ಪೊಟ್ಟಣ ಕಂಡರೆ ಅರ್ಧ ಬೆಲೆಗೆ ಕೊಟ್ಟರೂ ಬೇಡವೆನ್ನಿ, ಮತ್ತು ಹುರುಳಿ, ಕಡಲೆಕಾಯಿ ಮೊದಲ ಸಾಲಿನಲ್ಲಿರುವ ಟಿಕ್ಕಿ ಇದೆಯೇ ಎಂದು ಅಂಗಡಿಯವರನ್ನು ಕೇಳುತ್ತಿರಿ. ಕೇಳುವವರು ಹೆಚ್ಚಾದರೆ ಅದನ್ನು ತಯಾರಿಸಲು ಬೇಕಾದ ಬೆಳೆ ಈ ನಾಲ್ಕು ತಾಲ್ಲೂಕುಗಳ ಹೊಲದಲ್ಲೇ ಇದೆ.